ಮಾವನ ಸೆರೆಮನೆಗಳು: ಮೈಸೂರು, ಮಂಡ್ಯದಲ್ಲಿ ಐದು ದಿನ

ಗುರುವಾರ, ಮೈಸೂರು

ನನ್ನ ಸೋದರಮಾವ ಮೂವತ್ತಾರು ವರ್ಷ ಕಾರಾಗೃಹ ಇಲಾಖೆಯಲ್ಲಿದ್ದವರು. 1977ರಲ್ಲಿ ವೀಕ್ಷಕರಾಗಿ, ಅಂದರೆ ವಾರ್ಡರ್ ಆಗಿ ಸೇರಿ, 2013ರಲ್ಲಿ ಮುಖ್ಯ ವೀಕ್ಷಕರಾಗಿ ನಿವೃತ್ತರಾದರು. ಅಷ್ಟು ವರ್ಷವೂ ಮನೆಯಲ್ಲಿ ಅವರ ಕೆಲಸದ ಮಾತು ಎದ್ದದ್ದೇ ಇಲ್ಲ. ಮದುವೆ ಮನೆಗಳಲ್ಲಿ ಯಾರಾದರೂ ಕೇಳಿದರೆ ಅತ್ತೆ ‘ಪೊಲೀಸ್ ಕಡೆ’ ಎಂದು ಹೇಳಿ ಮಾತು ತಿರುಗಿಸುತ್ತಿದ್ದರು. ಅತ್ತೆ ತೀರಿಕೊಂಡ ಮೇಲೆ ಒಂದು ದಿನ ಮಾವನೇ ಫೋನ್ ಮಾಡಿ, “ಮೈಸೂರಿಗೆ ಹೋಗಿ ಬರೋಣವೇನಮ್ಮಾ? ನಾನು ಮೊದಲು ಕೆಲಸಕ್ಕೆ ಸೇರಿದ ಊರು. ನಿಮ್ಮ ತಾತ ಸೆರೆಯಲ್ಲಿದ್ದ ಊರೂ ಅದೇ” ಎಂದರು.

ತಾತನ ಕಥೆ ನನಗೆ ಗೊತ್ತಿತ್ತು. 1947ರ ಆಗಸ್ಟ್‌ನಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದರೂ ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ, ಅಂದರೆ ಜನರಿಗೆ ಉತ್ತರ ಕೊಡುವ ಸರ್ಕಾರ, ಬಂದಿರಲಿಲ್ಲ. ಅದು ಬೇಕೆಂದು ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ಶುರುವಾದಾಗ ಮದ್ದೂರು ಕಡೆಯಿಂದ ಹೊರಟ ಹುಡುಗರ ಗುಂಪಿನಲ್ಲಿ ತಾತನೂ ಇದ್ದರು. ಹಿಡಿದು ಒಳಗೆ ಹಾಕಿದರು. ಅಕ್ಟೋಬರ್ ಕೊನೆಗೆ ಕೆ.ಸಿ. ರೆಡ್ಡಿ ಅವರ ಮಂತ್ರಿಮಂಡಲ ಬಂತು, ತಾತ ಮನೆಗೆ ಬಂದರು. ಮೂವತ್ತು ವರ್ಷದ ನಂತರ ಅವರ ಮಗ ಅದೇ ಊರಿನ ಸೆರೆಮನೆಗೆ ಬೀಗದ ಕೈ ಹಿಡಿಯುವ ಕೆಲಸಕ್ಕೆ ಸೇರಿದರು. ತಂದೆಗೆ ಇದು ಹಿಡಿಸಿತೇ ಎಂದು ರೈಲಿನಲ್ಲಿ ಕೇಳಿದೆ. “ಎರಡು ತಿಂಗಳು ಮಾತಾಡಲಿಲ್ಲ. ಆಮೇಲೆ ಒಂದೇ ಮಾತು ಹೇಳಿದರು: ‘ಊಟದ ಹೊತ್ತಿಗೆ ಯಾರ ಮೇಲೂ ಕೂಗಬೇಡ.’ ಅವರನ್ನು ಯಾರೋ ಊಟದ ಹೊತ್ತಿನಲ್ಲಿ ಕೂಗಿರಬೇಕು.”

ಮಧ್ಯಾಹ್ನ ಮಾವನನ್ನು ಪ್ರಾಚ್ಯವಿದ್ಯಾ ಸಂಶೋಧನಾಲಯದ ಮುಂದೆ ಕರೆದುಕೊಂಡು ಹೋದೆ. ಸೆರೆಮನೆ ನೋಡಲು ಬಂದವರು ಹಸ್ತಪ್ರತಿಗಳ ಮನೆಗೇಕೆ ಎಂದು ಅವರಿಗೆ ಅಚ್ಚರಿ. ಇಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಓಲೆಗರಿಯ ಕಟ್ಟೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ಅದರಲ್ಲಿ ಬಂಧನಾಗಾರದ ಮಾತಿದೆ. ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಜಾಗವಿರಬೇಕು, ತಪ್ಪಿಸಿಕೊಳ್ಳದಂತೆ ಕಾವಲಿನ ಕೋಣೆಗಳಿರಬೇಕು. ರಾಜನ ಜನ್ಮನಕ್ಷತ್ರದ ದಿನ ಮತ್ತು ಹುಣ್ಣಿಮೆಗಳಂದು ಎಳೆಯರು, ಮುದುಕರು, ರೋಗಿಗಳು, ದಿಕ್ಕಿಲ್ಲದವರನ್ನು ಬಿಡಬೇಕು. ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಂಧನಾಗಾರದ ಅಧ್ಯಕ್ಷನಿಗೇ ಹಾಕಿದ ದಂಡಗಳ ಪಟ್ಟಿ. ಕಾರಣ ಹೇಳದೆ ಕೂಡಿಹಾಕಿದರೆ ಆಗಿನ ನಾಣ್ಯದಲ್ಲಿ 24 ಪಣ. ಅನ್ನ ನೀರು ತಡೆದರೆ 96 ಪಣ. ಹೊಡೆದು ಕೊಂದರೆ 1,000 ಪಣ.

ಮಾವ ಕಟ್ಟಡದ ಕಂಬಗಳ ಕಡೆಗೇ ನೋಡುತ್ತ ನಿಂತಿದ್ದರು. “ಅನ್ನ ನೀರು ತಡೆದರೆ ಎಂದು ಬರೆದಿದ್ದಾರೆ ಎಂದರೆ, ಆಗಲೂ ತಡೆಯುತ್ತಿದ್ದರು ಎಂದಾಯಿತು” ಎಂದರು.

ಶುಕ್ರವಾರ, ಕೇಂದ್ರ ಕಾರಾಗೃಹದ ಗೋಡೆಯ ಹೊರಗೆ

ಒಳಗೆ ಹೋಗಲು ನಾವು ಅನುಮತಿ ಕೇಳಲಿಲ್ಲ. ಮಾವನಿಗೆ ಬೇಡವಾಗಿತ್ತು. ಗೋಡೆಯ ಪಕ್ಕದಲ್ಲಿ ನಿಧಾನವಾಗಿ ನಡೆದೆವು. ಇದು ಕಮಿಷನರುಗಳ ಆಡಳಿತಕಾಲದ ಸೆರೆಮನೆ. 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳು ಮೈಸೂರನ್ನು ಆಳುವಾಗ ಕಚೇರಿ, ನ್ಯಾಯಾಲಯ, ರಸ್ತೆಗಳ ಜೊತೆಗೆ ಈ ಬಗೆಯ ಸೆರೆಮನೆಯೂ ಬಂತು. ಬೆಂಗಳೂರಿನ ಹಳೆಯ ಕೇಂದ್ರ ಕಾರಾಗೃಹವೂ ಅದೇ ಕಾಲದ್ದು. ಅದು ಈಗ ಫ್ರೀಡಂ ಪಾರ್ಕ್.

ಅಪರಾಧಕ್ಕೆ ವರ್ಷಗಟ್ಟಲೆ ಕೂಡಿಹಾಕುವುದೇ ಶಿಕ್ಷೆ ಎಂಬ ವ್ಯವಸ್ಥೆ ಈ ನೆಲದಲ್ಲಿ ಗಟ್ಟಿಯಾಗಿ ಬೇರೂರಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಗವರ್ನರ್ ಜನರಲ್ ಮಂಡಳಿಯ ಕಾನೂನು ಸದಸ್ಯ ಮೆಕಾಲೆಯ ಒತ್ತಾಯದಿಂದ 1836ರಲ್ಲಿ ಸೆರೆಮನೆಗಳ ಬಗ್ಗೆ ಒಂದು ಸಮಿತಿ ಕೂತಿತು. 1838ರಲ್ಲಿ ವರದಿ ಕೊಟ್ಟಿತು. ಒಂದು ವರ್ಷಕ್ಕೆ ಮೀರಿದ ಶಿಕ್ಷೆಯವರಿಗೆ ಕೇಂದ್ರ ಕಾರಾಗೃಹ, ಪ್ರತಿ ಪ್ರಾಂತಕ್ಕೆ ಒಬ್ಬ ಇನ್‌ಸ್ಪೆಕ್ಟರ್ ಜನರಲ್ ಎಂಬ ಚೌಕಟ್ಟು ಅಲ್ಲಿಂದ ಬಂದದ್ದು. ಕೈದಿಗಳನ್ನು ತಿದ್ದುವ ಮಾತಿಗೆ ಆ ಸಮಿತಿ ಬೆಲೆ ಕೊಡಲಿಲ್ಲ. ಬೇಸರ ಹುಟ್ಟಿಸುವ ಒಂದೇ ಬಗೆಯ ಕಠಿಣ ದುಡಿಮೆಯೇ ಸರಿ ಎಂದಿತು. ಆಮೇಲೆ 1894ರ ಕಾರಾಗೃಹ ಕಾಯ್ದೆ. ಶಿಕ್ಷೆಯ ಜೊತೆಗೆ ಸುಧಾರಣೆಯೂ ಸೆರೆಮನೆಯ ಉದ್ದೇಶ ಎಂದು ಸರ್ಕಾರದ ಸಮಿತಿಯೊಂದು ಸ್ಪಷ್ಟವಾಗಿ ಒಪ್ಪಿಕೊಳ್ಳಲು 1919–20ರವರೆಗೆ, ಅಲೆಕ್ಸಾಂಡರ್ ಕಾರ್ಡ್ಯೂ ಸಮಿತಿಯವರೆಗೆ ಕಾಯಬೇಕಾಯಿತು.

ದೇಶಕ್ಕೆಲ್ಲ ಒಂದೇ ಕಾರಾಗೃಹ ಸೇವೆ ಇದೆ ಎಂದು ನಾನು ಇಷ್ಟು ದಿನ ಅಂದುಕೊಂಡಿದ್ದೆ. ಹಾಗೇನೂ ಇಲ್ಲ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕಾರಾಗೃಹ ರಾಜ್ಯಪಟ್ಟಿಯ ವಿಷಯ. ನೆರೆಯ ರಾಜ್ಯದ ಕೈಪಿಡಿ ಬೇರೆ, ನಮ್ಮದು ಬೇರೆ. 1956ರಲ್ಲಿ ರಾಜ್ಯ ಒಂದಾದಾಗ ಬೆಳಗಾವಿಯ ಹಿಂಡಲಗಾ ಜೈಲು ಬೊಂಬಾಯಿಯ ನಿಯಮಗಳನ್ನು ಹೊತ್ತು ಬಂತು, ಕಲಬುರಗಿಯದು ಹೈದರಾಬಾದಿನದನ್ನು. ಇವನ್ನೆಲ್ಲ ಒಂದೇ ಕಾನೂನಿನಡಿ ತಂದದ್ದು 1963ರ ಕಾಯ್ದೆ, ಬಳಿಕ 1974ರ ನಿಯಮಗಳು. ನ್ಯಾಯಮೂರ್ತಿ ಎ.ಎನ್. ಮುಲ್ಲಾ ಸಮಿತಿ 1983ರಲ್ಲಿ ಕಾರಾಗೃಹಗಳಿಗೇ ಮೀಸಲಾದ ಒಂದು ಅಖಿಲ ಭಾರತ ಸೇವೆ ಇರಲಿ ಎಂದು ಶಿಫಾರಸು ಮಾಡಿತ್ತು. ಆಗಲಿಲ್ಲ. ಇಲಾಖೆಯ ತುದಿಯಲ್ಲಿ ಇಂದಿಗೂ ಪೊಲೀಸ್ ಸೇವೆಯಿಂದ ಬರುವ ಅಧಿಕಾರಿ ಕೂರುತ್ತಾರೆ. ಕೆಳಗೆ ಅಧೀಕ್ಷಕರು, ಸಹಾಯಕ ಅಧೀಕ್ಷಕರು, ಜೈಲರ್‌ಗಳು, ಮುಖ್ಯ ವೀಕ್ಷಕರು, ವೀಕ್ಷಕರು. ಕೇಂದ್ರ ಕಾರಾಗೃಹ, ಜಿಲ್ಲಾ ಕಾರಾಗೃಹ, ತಾಲ್ಲೂಕಿನ ಉಪ ಕಾರಾಗೃಹ ಎಂಬ ಮೂರು ಮೆಟ್ಟಿಲು. ತಾಲ್ಲೂಕಿನ ಸಣ್ಣ ಜೈಲುಗಳು ಹಿಂದೆ ತಹಸೀಲ್ದಾರರ ಹೊಣೆಯಲ್ಲಿದ್ದವಂತೆ. ಕಂದಾಯ ವಸೂಲಿಯ ನಡುವೆ ಅವರಿಗೆ ಕೈದಿಗಳ ಊಟದ ಲೆಕ್ಕವನ್ನೂ ನೋಡಬೇಕಿತ್ತು.

“ಇಷ್ಟೆಲ್ಲ ಮೆಟ್ಟಿಲು ಇದ್ದರೂ ಕೈದಿಯ ಕಣ್ಣಿಗೆ ಇಲಾಖೆ ಎಂದರೆ ವೀಕ್ಷಕ ಒಬ್ಬನೇ. ಬೆಳಿಗ್ಗೆ ಬೀಗ ತೆಗೆಯುವವನು, ಸಂಜೆ ಎಣಿಸಿ ಬೀಗ ಹಾಕುವವನು. ಲೆಕ್ಕ ಒಂದು ಹೆಚ್ಚಿದರೂ ಕಡಿಮೆಯಾದರೂ ಮನೆಗೆ ಹೋಗುವಂತಿಲ್ಲ” ಎಂದರು ಮಾವ. ಸಿಟಿ ಬಸ್ಸಿನಲ್ಲಿ ಕುಳಿತರೂ ಅವರ ತುಟಿ ಅಲ್ಲಾಡುತ್ತದೆ. ಹತ್ತಿದವರನ್ನೂ ಇಳಿದವರನ್ನೂ ಎಣಿಸುತ್ತಾರೆ.

ಸಂದರ್ಶನಕ್ಕೆ ಬಂದವರ ಗುಂಪು ಬಾಗಿಲ ಬಳಿ ಬಿಸಿಲಿನಲ್ಲಿ ನಿಂತಿತ್ತು. ಬಾಳೆಹಣ್ಣಿನ ಚೀಲ, ಆಧಾರ್ ಕಾರ್ಡಿನ ಜೆರಾಕ್ಸ್, ಕಂಕುಳಲ್ಲಿ ಮಕ್ಕಳು. ಮರದಡಿ ಒಬ್ಬ ಹೆಂಗಸು ಒಂಟಿಯಾಗಿ ಕುಳಿತಿದ್ದರು. ನಂಜನಗೂಡಿನ ಕಡೆಯ ಹಳ್ಳಿಯವರು. ಮಾವ ಪಕ್ಕದಲ್ಲಿ ಹೋಗಿ ಕುಳಿತು, “ಯಾರನ್ನು ನೋಡುವುದಕ್ಕೆ ಬಂದಿರಿ ತಾಯಿ?” ಎಂದರು. ಮಗನನ್ನು. ಮಗನಿಗೆ ಜಾಮೀನು ಸಿಕ್ಕಿ ಐದು ವಾರವಾಗಿತ್ತು. ಆದರೂ ಒಳಗಿದ್ದಾನೆ. ಶ್ಯೂರಿಟಿಗೆ ನಿಲ್ಲಲು ಪಹಣಿ ಇರುವವರು ಬೇಕು. ಇವರಿಗೆ ಜಮೀನಿಲ್ಲ, ಜಮೀನಿರುವ ನೆಂಟರು ಫೋನ್ ಎತ್ತುತ್ತಿಲ್ಲ.

ದೇಶದ ಸೆರೆಮನೆಗಳಲ್ಲಿ 2022ರ ಕೊನೆಗೆ 5,73,220 ಜನರಿದ್ದರು. ಅವರಲ್ಲಿ 4,34,302 ಜನ ವಿಚಾರಣಾಧೀನರು. ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ ಎಂದರ್ಥ. ಈ ಅಂಕಿಯನ್ನು ನಾನು ಮೊದಲೇ ಓದಿದ್ದೆ, ಓದಿ ಪುಟ ಮಗುಚಿದ್ದೆ. ಆ ಮರದಡಿ ಅದು ನನ್ನ ಗಂಟಲಿಗೆ ಸಿಕ್ಕಿಕೊಂಡಿತು. ಜಾಮೀನು ಸಿಕ್ಕ ಮೇಲೂ ಬಡತನದ ಕಾರಣಕ್ಕೇ ಒಳಗೆ ಉಳಿಯುವುದು ಯಾವ ದಂಡಸಂಹಿತೆಯಲ್ಲೂ ಬರೆಯದ ಶಿಕ್ಷೆ.

ಮಾವ ಅವರಿಗೆ ನಿಧಾನವಾಗಿ ಬಿಡಿಸಿ ಹೇಳಿದರು. ಜಾಮೀನು ಸಿಕ್ಕ ಏಳು ದಿನದೊಳಗೆ ಬಿಡುಗಡೆಯಾಗದಿದ್ದರೆ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ಒಂದು ತಿಂಗಳಾದರೂ ಶ್ಯೂರಿಟಿ ಕೊಡಲಾಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಗಣಿಸಬಹುದು ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ವರ್ಷ ಬಂದ ಕೇಂದ್ರದ ಯೋಜನೆಯಲ್ಲಿ ಬಡ ವಿಚಾರಣಾಧೀನರಿಗೆ ಹಣದ ನೆರವು ಸಿಗುತ್ತದೆ. ಆ ತಾಯಿ ಎಲ್ಲವನ್ನೂ ಕೇಳಿಸಿಕೊಂಡು, “ಅರ್ಜಿ ಬರೆಯುವವರು ಯಾರು ಸ್ವಾಮಿ?” ಎಂದರು. ಸೋಮವಾರ ಬೆಳಿಗ್ಗೆ ನ್ಯಾಯಾಲಯದ ಹತ್ತಿರ ಬನ್ನಿ ಎಂದು ಮಾವ ಹೇಳಿದಾಗ ನಾನು ಬೆಚ್ಚಿದೆ. ನಮಗೆ ಭಾನುವಾರದ ರೈಲಿಗೆ ಟಿಕೆಟ್ ಆಗಿತ್ತು.

ಸಂಜೆ ರಂಗಾಯಣದ ಅಂಗಳದಲ್ಲಿ ಕುಳಿತಿದ್ದಾಗ ಮಾವನ ಮುಖ ಸ್ವಲ್ಪ ಸಡಿಲವಾಯಿತು. ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟಿಮನಿಯವರು ಕೈದಿಗಳಿಗೆ ನಾಟಕ ಕಲಿಸಿ, ಅವರನ್ನು ಹೊರಗಿನ ರಂಗಮಂದಿರಗಳಿಗೂ ಕರೆತಂದು ಆಡಿಸಿದವರು. ಅಂಥ ಒಂದು ಪ್ರದರ್ಶನಕ್ಕೆ ಮಾವ ಕಾವಲಿಗೆ ಹೋಗಿದ್ದರು. ಕೊಲೆ ಪ್ರಕರಣದಲ್ಲಿ ಜೀವಾವಧಿಯಾಗಿದ್ದವನೊಬ್ಬ ರಾಜನ ವೇಷದಲ್ಲಿ ಬಂದನಂತೆ. ಪರದೆಯ ಹಿಂದೆ ನಿಂತಿದ್ದ ಮಾವನನ್ನು ನೋಡಿ ಅವನು ಅಭ್ಯಾಸದಿಂದ ಬದಿಗೆ ಸರಿದು ದಾರಿ ಬಿಟ್ಟನಂತೆ. “ಕಿರೀಟ ಇಟ್ಟುಕೊಂಡವನು ನನಗೆ ದಾರಿ ಬಿಟ್ಟ. ಆ ಹೊತ್ತಿನಲ್ಲಿ ನನಗೆ ನಾಚಿಕೆಯಾಯಿತು ಕಣಮ್ಮಾ” ಎಂದರು.

ಶನಿವಾರ, ಶ್ರೀರಂಗಪಟ್ಟಣ

ಬೆಳಿಗ್ಗೆ ಬಸ್ಸಿನಲ್ಲಿ ಶ್ರೀರಂಗಪಟ್ಟಣಕ್ಕೆ. ರಂಗನಾಥನ ದರ್ಶನ ಮುಗಿಸಿ ಕೋಟೆಯ ಉತ್ತರದ ಅಂಚಿಗೆ, ಹೊಳೆಯ ಹತ್ತಿರ ಹೋದರೆ ಕರ್ನಲ್ ಬೈಲಿಯ ಬಂದೀಖಾನೆ. ಮೇಲಿನಿಂದ ನೋಡಿದರೆ ಏನೂ ಇಲ್ಲದಂತಿದೆ. ಮೆಟ್ಟಿಲಿಳಿದರೆ ಇಟ್ಟಿಗೆ ಗಾರೆಯ ಕಮಾನುಗಳ ತಣ್ಣನೆಯ ನೆಲಮಾಳಿಗೆ. ಉದ್ದ ಸುಮಾರು 30 ಮೀಟರ್, ಅಗಲ 12 ಮೀಟರ್. ಗೋಡೆಯಲ್ಲಿ ತೂತು ಕೊರೆದ ಕಲ್ಲಿನ ಚಪ್ಪಡಿಗಳು ಮುಂಚಾಚಿವೆ, ಸರಪಳಿ ಕಟ್ಟುವುದಕ್ಕೆ. ನೆಲದ ಮೇಲೊಂದು ಫಿರಂಗಿ ಬಿದ್ದಿದೆ. 1799ರ ಮುತ್ತಿಗೆಯಲ್ಲಿ ಚಾವಣಿ ಒಡೆದು ಕೆಳಗೆ ಬಿತ್ತೆಂದು ಅಲ್ಲಿನವರು ಹೇಳುತ್ತಾರೆ.

1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಸೈನ್ಯ ವಿಲಿಯಂ ಬೈಲಿಯ ಪಡೆಯನ್ನು ಮುರಿದು ಸೆರೆಹಿಡಿಯಿತು. ಬೈಲಿ 1782ರಲ್ಲಿ ಸೆರೆಯಲ್ಲೇ ಸತ್ತ. ಅವನ ಜೊತೆ ಸಿಕ್ಕಿಬಿದ್ದವರಲ್ಲಿ ಡೇವಿಡ್ ಬೇರ್ಡ್ ಎಂಬ ಕ್ಯಾಪ್ಟನ್ ಇದ್ದ. ಕೈದಿಗಳನ್ನು ಇಬ್ಬಿಬ್ಬರಂತೆ ಸರಪಳಿಗೆ ಕಟ್ಟಿದ್ದಾರೆ ಎಂಬ ಸುದ್ದಿ ಸ್ಕಾಟ್ಲೆಂಡಿನಲ್ಲಿದ್ದ ಅವನ ತಾಯಿಗೆ ತಲುಪಿದಾಗ, ನನ್ನ ಮಗನ ಜೊತೆ ಕಟ್ಟಿಸಿಕೊಂಡವನ ಗತಿ ದೇವರೇ ಕಾಯಬೇಕು ಎಂದಳೆಂಬ ಕಥೆಯಿದೆ. ಸುಮಾರು ಮೂರೂವರೆ ವರ್ಷದ ನಂತರ, 1784ರ ಮಂಗಳೂರು ಒಪ್ಪಂದದಿಂದ ಅವನು ಬಿಡುಗಡೆಯಾದ. 1799ರ ಮೇ 4ರಂದು ಇದೇ ಕೋಟೆಗೆ ನುಗ್ಗಿದ ಪಡೆಯ ಮುಂದೆ ನಿಂತಿದ್ದವನು ಆ ಬೇರ್ಡ್.

ಪ್ರವಾಸಿಗಳು ಸರಪಳಿಯ ಕಲ್ಲಿಗೆ ಕೈ ಚಾಚಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಮಾವ ಮಾತ್ರ ವೃತ್ತಿಯವರ ಕಣ್ಣಿನಿಂದ ನೋಡಿದರು. ಅಡುಗೆಗೆ ಜಾಗವಿಲ್ಲ, ಬಚ್ಚಲಿಗೆ ಜಾಗವಿಲ್ಲ, ಕಾವಲಿನವನು ನಿಲ್ಲುವ ಜಾಗವೂ ಇಲ್ಲ. “ಇದು ಜನರನ್ನು ವರ್ಷಗಟ್ಟಲೆ ಇಡುವುದಕ್ಕೆಂದು ಕಟ್ಟಿದ್ದಲ್ಲ. ಒಪ್ಪಂದವಾಗುವವರೆಗೆ ಬಚ್ಚಿಡುವುದಕ್ಕೆ” ಎಂದರು. ನನಗೆ ಆ ಮಾತು ಸರಿಯೆನ್ನಿಸಿತು. ಇಲ್ಲಿದ್ದವರು ಶಿಕ್ಷೆ ಅನುಭವಿಸುತ್ತಿರಲಿಲ್ಲ, ಬೇರೆ ಯಾರದೋ ತೀರ್ಮಾನಕ್ಕೆ ಕಾಯುತ್ತಿದ್ದರು. ನಿನ್ನೆಯ ಮರದಡಿಯ ತಾಯಿಯ ಮಗನಂತೆಯೇ.

ಹೈದರ್, ಟಿಪ್ಪುವಿನ ಸಮಾಧಿಗಳಿರುವ ಗುಂಬಜಿನ ಅಂಗಳದ ಹತ್ತಿರ ಬೈಲಿಯ ಸ್ಮಾರಕವೂ ಇದೆ. ಅವನ ಸೋದರಳಿಯ 1816ರಲ್ಲಿ ಕಟ್ಟಿಸಿದ್ದು. ಸೆರೆಯಾದವನೂ ಸೆರೆ ಹಿಡಿದವರೂ ಕೂಗಳತೆಯಲ್ಲಿ ನೆನಪಾಗಿ ಉಳಿದಿದ್ದಾರೆ. ಮಧ್ಯಾಹ್ನ ಸಂಗಮದಲ್ಲಿ ಕಾಲು ತೋಯಿಸಿ ಬಂದೆವು.

ರಾತ್ರಿ ವಸತಿಗೃಹದಲ್ಲಿ ಮಾವ ತಮ್ಮ ಚೀಲದಿಂದ ಮಡಿಸಿದ ಪತ್ರಿಕೆಯ ತುಂಡೊಂದನ್ನು ತೆಗೆದರು. 2024ರ ಅಕ್ಟೋಬರ್ 3ರ ಸುಪ್ರೀಂ ಕೋರ್ಟ್ ತೀರ್ಪಿನ ಸುದ್ದಿ. ಜಾತಿ ನೋಡಿ ಕೈದಿಗಳಿಗೆ ಕೆಲಸ ಹಂಚುವ ಕಾರಾಗೃಹ ನಿಯಮಗಳು ಸಂವಿಧಾನಕ್ಕೆ ವಿರುದ್ಧ, ದಾಖಲೆ ಪುಸ್ತಕದಲ್ಲಿ ಜಾತಿಯ ಕಲಂ ತೆಗೆಯಬೇಕು ಎಂದ ತೀರ್ಪು. ಅವರು ಅದನ್ನು ಮಂಚದ ಮೇಲೆ ಬಿಡಿಸಿಟ್ಟು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: “ಹೊಸದಾಗಿ ಸೇರಿದಾಗ ಒಂದು ಜೈಲಿನಲ್ಲಿ ನಾನೂ ಹಾಗೆ ಮಾಡಿದ್ದೇನೆ. ಹೊಸಬ ಬಂದರೆ ಪುಸ್ತಕದ ಕಲಂ ನೋಡಿ, ನೀನು ಅಡುಗೆಗೆ, ನೀನು ಕಕ್ಕಸಿಗೆ. ಹಿರಿಯರು ಕಲಿಸಿದರು, ನಾನು ಕಲಿತೆ. ಸತ್ಯಾಗ್ರಹಕ್ಕೆ ಹೋಗಿ ಬಂದವರ ಮಗ ನಾನು. ಒಂದು ದಿನವೂ ಇದು ತಪ್ಪು ಎನ್ನಿಸಲಿಲ್ಲ.”

ಅವರನ್ನು ಸಮಾಧಾನ ಮಾಡುವ ಮಾತು ನನಗೆ ಹೊಳೆಯಲಿಲ್ಲ, ಹೊಳೆದಿದ್ದರೂ ಆಡುತ್ತಿರಲಿಲ್ಲ. ಅವರು ಹೇಳಿಕೊಂಡದ್ದೇ ದೊಡ್ಡದು.

ಭಾನುವಾರ, ಮದ್ದೂರು ಕಡೆ

ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಮಂಡ್ಯ ದಾಟಿ ಮದ್ದೂರಿಗೆ ಬಂದೆವು. ನಿಲ್ದಾಣದಲ್ಲಿ ವಡೆ, ಕಾಫಿ. ಅಲ್ಲಿಂದ ಆಟೊದಲ್ಲಿ ಶಿವಪುರದ ಸತ್ಯಾಗ್ರಹ ಸೌಧ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಇಲ್ಲಿ ಸೇರಿತು. ಟಿ. ಸಿದ್ದಲಿಂಗಯ್ಯನವರು ಅಧ್ಯಕ್ಷರು. ಸರ್ಕಾರ ರಾಷ್ಟ್ರಧ್ವಜ ಹಾರಿಸಬಾರದೆಂದು ನಿಷೇಧ ಹೇರಿತ್ತು. ಒಬ್ಬರು ಧ್ವಜ ಹಿಡಿದು ಮುಂದೆ ಬಂದರು, ಅವರನ್ನು ಬಂಧಿಸಿದರು. ಮತ್ತೊಬ್ಬರು ಬಂದರು, ಅವರನ್ನೂ ಬಂಧಿಸಿದರು. ಸಾವಿರಾರು ರೈತರು ಸುತ್ತ ನಿಂತು ನೋಡಿದರು. ಸೆರೆಮನೆಗೆ ಹೋಗುವುದು ಮಾನಗೆಡುವ ಸಂಗತಿಯಲ್ಲ, ಮಾನದ ಸಂಗತಿ ಎಂದು ಈ ಸೀಮೆಯವರಿಗೆ ಅನ್ನಿಸಿದ್ದು ಆ ದಿನಗಳಲ್ಲಿ. ತಾತನಿಗೆ ಆಗ ಹತ್ತು ವರ್ಷವಿರಬಹುದು. ಒಂಬತ್ತು ವರ್ಷದ ನಂತರ ಅವರು ಹೊರಟದ್ದು ಇಲ್ಲಿ ನೋಡಿದ್ದರಿಂದಲೋ ಕೇಳಿದ್ದರಿಂದಲೋ ಎಂದು ಮಾವನಿಗೂ ಗೊತ್ತಿಲ್ಲ.

ಮಾವ ನನ್ನನ್ನು ಇಲ್ಲಿಗೆ ಕರೆತಂದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಕಬ್ಬಿನ ಗದ್ದೆಗಳ ನಡುವೆ ಎರಡು ಮೈಲಿ ಒಳಗೆ ಒಂದು ಆಲೆಮನೆ. ಅದನ್ನು ನಡೆಸುವವರಿಗೆ ಅರವತ್ತರ ಹತ್ತಿರ ವಯಸ್ಸು. ಜಮೀನಿನ ಜಗಳದಲ್ಲಿ ಕೊಲೆಯಾಗಿ, ಜೀವಾವಧಿ ಶಿಕ್ಷೆಯಾಗಿ, ಹದಿನಾಲ್ಕು ವರ್ಷ ದಾಟಿದ ಮೇಲೆ ಸನ್ನಡತೆಯ ಪಟ್ಟಿಯಲ್ಲಿ ಹೊರಬಂದವರು. ಕೊನೆಯ ವರ್ಷಗಳನ್ನು ದೇವನಹಳ್ಳಿ ತಾಲ್ಲೂಕು ಕೋರಮಂಗಲದ ಬಯಲು ಬಂದೀಖಾನೆಯಲ್ಲಿ ಕಳೆದಿದ್ದಾರೆ. ಅಲ್ಲಿ ಎತ್ತರದ ಗೋಡೆಯಿಲ್ಲ, ಹೊಲದ ಕೆಲಸ. ನಂಬಿಕೆ ಉಳಿಸಿಕೊಂಡವರನ್ನು ಮಾತ್ರ ಕಳಿಸುತ್ತಾರೆ.

ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಅವರು ಮಾವನನ್ನು ಕಂಡವರೇ ಹೆಗಲ ಟವಲು ತೆಗೆದರು. ಮಾವ ಓಡಿ ಹೋಗಿ ಟವಲನ್ನು ಮತ್ತೆ ಅವರ ಹೆಗಲಿಗೇ ಹಾಕಿ, “ಈಗ ನಾನು ನಿಮ್ಮ ಮನೆಗೆ ಬಂದ ನೆಂಟ ಯಜಮಾನರೇ” ಎಂದರು. ‘ನಿಮ್ಮ’ ಎಂಬ ಆ ಮಾತು ಇಬ್ಬರಿಗೂ ಹೊಸದಾಗಿತ್ತು ಎಂದು ಅವರ ಮುಖಗಳೇ ಹೇಳುತ್ತಿದ್ದವು.

ಬಿಸಿ ಬೆಲ್ಲವನ್ನು ಬಾಳೆಲೆಯ ತುಂಡಿನಲ್ಲಿ ಕೊಟ್ಟರು. ಇಬ್ಬರೂ ಹಳೆಯವರನ್ನು ನೆನೆದರು: ಅಡುಗೆ ಮನೆಯಲ್ಲಿದ್ದವನು, ಮಗ್ಗದಲ್ಲಿ ಜಮಖಾನ ನೇಯುತ್ತಿದ್ದವನು, ಪೆರೋಲ್ ಮೇಲೆ ಮಗಳ ಮದುವೆಗೆ ಹೋಗಿ ಒಂದು ದಿನ ಮುಂಚೆಯೇ ವಾಪಸು ಬಂದವನು. ಅಪರಾಧದ ಮಾತು ಒಮ್ಮೆಯೂ ಬರಲಿಲ್ಲ. ಸತ್ತವನ ಮನೆಯವರು ಪಕ್ಕದ ಊರಿನಲ್ಲೇ ಇದ್ದಾರೆಂದು, ಇವರು ಈಗಲೂ ಆ ಊರಿನ ಜಾತ್ರೆಗೆ ಹೋಗುವುದಿಲ್ಲವೆಂದು ಮಾವ ದಾರಿಯಲ್ಲಿ ಹೇಳಿದ್ದರು.

ನಂಜನಗೂಡಿನ ತಾಯಿಯ ವಿಷಯ ಹೇಳಿದಾಗ ಅವರು ಕೊಪ್ಪರಿಗೆ ಕಲಕುತ್ತಿದ್ದವರು ನಿಂತರು. “ನನಗೆ ಹದಿನಾಲ್ಕು ವರ್ಷ ಎಂದು ಒಂದು ಲೆಕ್ಕವಾದರೂ ಇತ್ತು ಸ್ವಾಮಿ. ಆ ಹುಡುಗನಿಗೆ ಯಾವ ಲೆಕ್ಕ?” ಎಂದರು. ಹೊರಡುವಾಗ ಒಣ ತರಗಿನಲ್ಲಿ ಸುತ್ತಿದ ಎರಡು ಅಚ್ಚು ಬೆಲ್ಲ ಕೊಟ್ಟು, “ಇದು ಆ ತಾಯಿಗೆ” ಎಂದರು. ಮಾವ ಬೆಂಗಳೂರಿನ ಟಿಕೆಟ್ ರದ್ದು ಮಾಡಿಸುವಂತೆ ಹೇಳಿದರು. ನಾನಾಗಲೇ ಮಾಡಿಸಿದ್ದೆ.

ಸೋಮವಾರ, ಮತ್ತೆ ಮೈಸೂರು

ರಾತ್ರಿ ಮಾವ ಅರ್ಜಿಯನ್ನು ಕೈಬರಹದಲ್ಲೇ ಬರೆದಿದ್ದರು. ದುಂಡನೆಯ, ಸರ್ಕಾರಿ ದಾಖಲೆ ಪುಸ್ತಕದ ಅಕ್ಷರ. ಕೈದಿಯ ಹೆಸರಿಗೂ ಸಂಖ್ಯೆಗೂ ಜಾಗ ಖಾಲಿ ಬಿಟ್ಟಿದ್ದರು. ಆ ತಾಯಿ ನಮಗಿಂತ ಮುಂಚೆ ಬಂದು ಕುಳಿತಿದ್ದರು. ಸೆರಗಿನ ತುದಿಯ ಗಂಟು ಬಿಚ್ಚಿ ಚೀಟಿ ಕೊಟ್ಟರು. ಅದರಲ್ಲಿ ಮಗನ ಯು.ಟಿ.ಪಿ. ಸಂಖ್ಯೆ, ಅಂದರೆ ವಿಚಾರಣಾಧೀನ ಕೈದಿಯ ಸಂಖ್ಯೆ, ಬೆವರಿಗೆ ಅರ್ಧ ಅಳಿಸಿತ್ತು. ನನಗೆ ಓದಲಾಗಲಿಲ್ಲ. ಮಾವ ಬೆಳಕಿಗೆ ಹಿಡಿದು ಒಂದೇ ನೋಟಕ್ಕೆ ಓದಿದರು.

ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ಅರ್ಜಿ ತೆಗೆದುಕೊಂಡರು, ಒಬ್ಬ ವಕೀಲೆಯನ್ನು ಗೊತ್ತು ಮಾಡಿಕೊಟ್ಟರು. ಷರತ್ತು ಸಡಿಲಿಸಲು ನ್ಯಾಯಾಲಯವನ್ನು ಕೇಳುವುದಾಗಿ ಆಕೆ ಹೇಳಿ, ಗುರುವಾರ ಬರಲು ತಿಳಿಸಿದರು. ಹೊರಗೆ ಬಂದ ಮೇಲೆ ನಾನು ಬೆಲ್ಲದ ಅಚ್ಚುಗಳನ್ನು ಕೊಟ್ಟೆ. ಆ ತಾಯಿ ಒಂದನ್ನು ಮೂಗಿನ ಹತ್ತಿರ ಹಿಡಿದು, “ಈಗಲೇ ಹೋಗಿ ಅವನಿಗೆ ಕೊಟ್ಟು ಬರಲೇ?” ಎಂದರು.

“ಹೊರಗಿನ ತಿನಿಸನ್ನು ಹೀಗೆ ಒಳಗೆ ಬಿಡುವುದಿಲ್ಲ ತಾಯಿ” ಎಂದರು ಮಾವ. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಆಕೆ ತಲೆಯಾಡಿಸಿ, ಎರಡು ಅಚ್ಚನ್ನೂ ಚೀಟಿಯ ಜೊತೆಗೇ ಸೆರಗಿಗೆ ಹಾಕಿ ಗಂಟು ಬಿಗಿದು, ನಂಜನಗೂಡಿನ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದರು.